ಮೂಗಿನ ಭಾರ

"ಇದನ್ನ ಇಲ್ಲಿ ಇಟ್ಟಿದ್ದು ಯಾರು?"

ತಕ್ಕಡಿ ಎಂಬ ಅಡ್ಡಹೆಸರಿನ ಹುಡುಗಿ ಕೇಳಿದ್ದು ಅಲ್ಲಿದ್ದ ಯಾರನ್ನೂ ಅಲ್ಲ. ಕಾರ್ಯಾಗಾರದ ಉದ್ದ ಮೇಜಿನ ಮೇಲೆ, ಹಳೆಯ ಪತ್ರಿಕೆಗಳ ಹಾಸಿನಲ್ಲಿ, ನಿನ್ನೆ ಮೈದಾನಕ್ಕೆ ತಲೆಕೆಳಗಾಗಿ ನುಗ್ಗಿ ಮುರಿದ ಪುಟ್ಟ ವಿಮಾನ ಮಲಗಿತ್ತು. ಅದರ ಸೀಳಿದ ಮೂಗಿನೊಳಗೆ ಎರಡು ಬೆರಳು ಹಾಕಿ, ಬಗ್ಗಿ, ಆ ಪೊಳ್ಳನ್ನೇ ವಿಚಾರಿಸುವವಳಂತೆ ಅವಳು ಕೇಳಿದ್ದಳು. ಬಾಗಿಲ ಬಳಿ ನಿಂತಿದ್ದ ಮೇಷ್ಟ್ರಿಗೆ ಮಾತ್ರ ಆ ಪ್ರಶ್ನೆ ತಮ್ಮನ್ನು ಹೆಸರು ಹಿಡಿದು ಕರೆದಂತೆ ಕೇಳಿಸಿತು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಪುಣ್ಯಕ್ಕೆ, ಉತ್ತರ ಕೊಡುವಂತಿರಲಿಲ್ಲ. ವೈಮಾನಿಕ ಎಂಜಿನಿಯರಿಂಗಿನ ಮೂರನೆಯ ವರ್ಷಕ್ಕೆ ಹೊಸದಾಗಿ ಬಂದ ಈ ಕೋರ್ಸಿನಲ್ಲಿ ಪಾಠವಿಲ್ಲ, ಕಪ್ಪುಹಲಗೆಯಿಲ್ಲ. ನಾಲ್ಕು ಜನರ ತಂಡ ಒಂದು ವಿಮಾನವನ್ನು ತಾನೇ ಯೋಚಿಸಿ, ತಾನೇ ಕಟ್ಟಿ, ತಾನೇ ಹಾರಿಸಬೇಕು. ಮೇಷ್ಟ್ರಾದವರು ಕೋಣೆಯಲ್ಲಿ ಇರಬೇಕು, ಕಲಿಸಬಾರದು. ಯಾರಾದರೂ ಏನಾದರೂ ಕೇಳಿದರೆ 'ನಿಮಗೇನನ್ನಿಸುತ್ತೆ?' ಎಂದು ಪ್ರಶ್ನೆಯನ್ನು ಅವರ ಕೈಗೇ ವಾಪಸು ಕೊಡಬೇಕು. ವರ್ಷದ ಆರಂಭದಲ್ಲಿ ಈ ಮಾತು ಅವರ ಬಾಯಿಗೆ ಹೊಸ ಹಲ್ಲಿನ ಸೆಟ್ಟಿನಂತೆ ಚುಚ್ಚುತ್ತಿತ್ತು. ಈಗ ಎಷ್ಟು ಒಗ್ಗಿಹೋಗಿತ್ತೆಂದರೆ, ಊಟಕ್ಕೆ ಬಡಿಸಲೇನೋ ಎಂದು ಅಕ್ಕ ಕೇಳಿದಾಗ 'ನಿನಗೇನನ್ನಿಸುತ್ತೆ?' ಎಂದು ಹೇಳಿ, ಹಸಿದಿರುವುದು ನೀನೋ ನಾನೋ ಎಂದು ಬೈಸಿಕೊಂಡಿದ್ದರು. ಹುಡುಗರು ತಮಗೆ 'ಗೋಡೆ ಸರ್' ಎಂದು ಹೆಸರಿಟ್ಟಿರುವುದು ಅವರಿಗೆ ಗೊತ್ತಿತ್ತು. ಗೋಡೆಗೆ ಕಿವಿ ಇರುತ್ತದೆ, ಬಾಯಿ ಇರುವುದಿಲ್ಲ. ಹೆಸರೇನೂ ಕೆಟ್ಟದ್ದಲ್ಲ ಎಂದುಕೊಂಡಿದ್ದರು.

ತಕ್ಕಡಿ ಎಂಬುದೂ ಹಾಗೆ ಬಿದ್ದ ಹೆಸರೇ. ತಂಡದಲ್ಲಿ ತೂಕ ಮತ್ತು ಸಮತೋಲದ ಲೆಕ್ಕ ಅವಳ ಪಾಲಿಗೆ ಬಂದಿತ್ತು. ಅಂಟಿನ ಡಬ್ಬಿಯನ್ನೂ ಬಳಸುವ ಮುಂಚೆ ಒಮ್ಮೆ, ಬಳಸಿದ ಮೇಲೆ ಒಮ್ಮೆ ತೂಗಿ, ವಿಮಾನಕ್ಕೆ ಎಷ್ಟು ಅಂಟು ಸೇರಿತೆಂದು ಬರೆದಿಡುವ ಹುಡುಗಿ. ಉಳಿದವರಲ್ಲಿ ರೆಕ್ಕೆ ಕಟ್ಟಿದವನು ರೆಕ್ಕೆ, ಮೋಟಾರು ನೋಡಿಕೊಳ್ಳುವವನು ಮೋಟಾರು, ಏನನ್ನೂ ಕಟ್ಟದೆ ಎಲ್ಲರನ್ನೂ ಹುರಿದುಂಬಿಸುವವನು ಕ್ಯಾಪ್ಟನ್. ಈಗ ಮೂವರೂ ಮೇಜಿನ ಆಚೆ ಬದಿಯಲ್ಲಿ ಕೈಕಟ್ಟಿ ನಿಂತಿದ್ದರು. ಅವಳು ಮೂಗಿನ ಮೂಲೆಮೂಲೆಯಿಂದ ಒಂದೊಂದೇ ಗಂಟನ್ನು ಹೊರತೆಗೆದು ಪತ್ರಿಕೆಯ ಮೇಲೆ ಇಡುತ್ತಿದ್ದಳು. ಕೆಂಪು ಟೇಪು ಸುತ್ತಿದ ಎರಡು ದಪ್ಪ ನಟ್ಟುಗಳು. ಮಕ್ಕಳು ಆಡುವ ನೀಲಿ ಜೇಡಿಮಣ್ಣಿನ ಒಂದು ಹೆಂಟೆ. ಹಿಡಿ ಕತ್ತರಿಸಿದ, ಕ್ಯಾಂಟೀನಿನದೇ ಎಂದು ನೋಡಿದ ಕೂಡಲೇ ತಿಳಿಯುವ ಚಮಚದ ತಲೆ. ಕೊನೆಗೆ, ಗಾಯಕ್ಕೆ ಅಂಟಿಸುವ ಬಿಳಿ ಔಷಧಿಪಟ್ಟಿಯಲ್ಲಿ ನೀಟಾಗಿ ಸುತ್ತಿದ ಸೀಸದ ತುಂಡುಗಳು. ಅವಳು ನಾಲ್ಕನ್ನೂ ಸಾಲಾಗಿ ಇಟ್ಟು, ತನ್ನ ಪುಟ್ಟ ತೂಕದ ಯಂತ್ರವನ್ನು ಹತ್ತಿರ ಎಳೆದುಕೊಂಡಳು. ಆದರೆ ತೂಗಲಿಲ್ಲ.

ಮೊದಲು ನಕ್ಕವನು ಮೋಟಾರು. ನಟ್ಟು ನನ್ನದು ಎಂದ. ಹಾರಿಸುವ ಹಿಂದಿನ ಸಂಜೆ ಬಂದು ರೆಕ್ಕೆಯ ಕೆಳಗೆ ಬೆರಳಿಟ್ಟು ಎತ್ತಿ ನೋಡಿದೆ, ಬಾಲ ಜೋತುಬಿತ್ತು; ಬಾಲ ಭಾರವಾದರೆ ಮೇಲೆದ್ದ ಕೂಡಲೇ ಕುದುರೆಯಂತೆ ಮುಂಗಾಲೆತ್ತಿ ಹಿಂದಕ್ಕೆ ಬೀಳುತ್ತದೆ ಅಂತ ಭಯವಾಯಿತು; ತಕ್ಕಡಿಯ ಲೆಕ್ಕ ತಪ್ಪಾಗಿದೆ, ಹೇಳಿದರೆ ಅಳುತ್ತಾಳೆ, ಸುಮ್ಮನೆ ಮೂಗಿಗೆ ಸ್ವಲ್ಪ ಭಾರ ಸೇರಿಸಿಬಿಡೋಣ ಅನ್ನಿಸಿತು. ರೆಕ್ಕೆ ಬಾಯಿಬಿಟ್ಟು ಅವನನ್ನೇ ನೋಡಿ, ಲೋ, ನಾನೂ ಅದನ್ನೇ ಮಾಡಿದ್ದು ಕಣೋ, ಮಣ್ಣು ನನ್ನ ತಂಗಿಯ ಆಟದ ಪೆಟ್ಟಿಗೆಯದು ಎಂದ. ಕ್ಯಾಪ್ಟನ್ ಬಿಗುಮಾನದಿಂದಲೇ ಚಮಚವನ್ನು ಎತ್ತಿಕೊಂಡು ಜೇಬಿಗೆ ಹಾಕಿದ. ಮೂವರೂ ನಗತೊಡಗಿದರು. ಒಬ್ಬರಿಗೊಬ್ಬರು ಗೊತ್ತಾಗದಿರಲಿ ಎಂದು ಪ್ರತಿಯೊಬ್ಬನೂ ಚೂರೇ ಚೂರು ಹಾಕಿದ್ದ. ಅಷ್ಟಕ್ಕೆ ಸಮತೋಲ ಸರಿಹೋಗಿರಲಿಲ್ಲ. ಆದ್ದರಿಂದ ಆಮೇಲೆ ಬಂದವನಿಗೂ ಬಾಲ ಇಳಿದೇ ಕಂಡಿತ್ತು, ಅವನೂ ತನ್ನ ಪಾಲಿನ ಕಾಣಿಕೆ ಸಲ್ಲಿಸಿ, ಯಾರಿಗೂ ಹೇಳದೆ, ಉಪಕಾರ ಮಾಡಿದ ಹಗುರದಲ್ಲಿ ಮನೆಗೆ ಹೋಗಿದ್ದ. ತಂಡವಾಗಿ ಅವರು ಇಷ್ಟು ಒಮ್ಮತದಿಂದ ಮಾಡಿದ ಕೆಲಸ ಬೇರೊಂದಿರಲಿಲ್ಲ.

"ನೀವು ಎತ್ತಿ ನೋಡಿದಾಗ ಒಳಗೆ ಬ್ಯಾಟರಿ ಇತ್ತಾ?" ಎಂದಳು ತಕ್ಕಡಿ.

ನಗು ಅಲ್ಲಿಗೇ ನಿಂತಿತು. ಬಾಗಿಲ ಬಳಿ ಮೇಷ್ಟ್ರ ಕೈ, ಚೌಕಟ್ಟನ್ನು ಹುಡುಕಿಕೊಂಡು ಹಿಡಿಯಿತು. ಬ್ಯಾಟರಿ ಆ ವಿಮಾನದ ಅತಿ ಭಾರವಾದ ಅಂಗ. ಹೊಟ್ಟೆಯ ಮುಂದಿನ ಗೂಡಿನಲ್ಲಿ ಅದು ಕೂತ ಮೇಲೆಯೇ ಮೂಗಿಗೂ ಬಾಲಕ್ಕೂ ಸಮ. ಅದಿಲ್ಲದೆ ಎತ್ತಿದರೆ ಬಾಲ ಇಳಿಯಲೇಬೇಕು. ಇಳಿಯದಿದ್ದರೆ ಲೆಕ್ಕ ತಪ್ಪೆಂದು ಅರ್ಥ. ಆ ಸಂಜೆ ಬ್ಯಾಟರಿ ಪಕ್ಕದ ಕೋಣೆಯ ಕಲ್ಲಿನ ಚಪ್ಪಡಿಯ ಮೇಲೆ ಚಾರ್ಜಿಗೆ ಕೂತಿತ್ತು. ಮರ, ಅಂಟು, ಕಾಗದ ಇರುವಲ್ಲಿ ಅದನ್ನು ಚಾರ್ಜು ಮಾಡಬಾರದೆಂಬುದು ನಿಯಮ. ಆ ನಿಯಮವನ್ನು ಗೋಡೆಗೆ ಅಂಟಿಸಿದವರು ಸ್ವತಃ ಮೇಷ್ಟ್ರೇ. ಅದರ ಕೆಂಪು ದೀಪವನ್ನು ನೋಡಿಕೊಂಡೇ ಅವರು ಆ ಕೋಣೆಯನ್ನು ದಾಟಿ ಬಂದಿದ್ದರು. ದಾಟುವಾಗ ಆ ದೀಪ ಎಷ್ಟು ಚೆನ್ನಾಗಿ ಉರಿಯುತ್ತಿದೆ ಎಂದು ಮೆಚ್ಚಿಕೊಂಡದ್ದೂ ನೆನಪಿತ್ತು. ತಕ್ಕಡಿ ಎದ್ದು ನಿಂತು, ಹಾಗಾದರೆ ನನ್ನ ಲೆಕ್ಕ ಸರಿ ಇತ್ತು ಎಂದು ಮೆಲ್ಲಗೆ ಹೇಳಿದಳು. ಅದರಲ್ಲಿ ಗೆದ್ದ ದನಿಯೇನೂ ಇರಲಿಲ್ಲ. ಯಾರಾದರೂ ಹೌದು ಅನ್ನಲಿ ಎಂದು ಕಾದಳು, ಅಷ್ಟೆ. ಕ್ಯಾಪ್ಟನ್ ಪತ್ರಿಕೆಯ ಮೇಲೆ ಉಳಿದಿದ್ದ ಬಿಳಿ ಗಂಟನ್ನು ಬೆರಳಿನಿಂದ ಅವಳ ಕಡೆಗೆ ಉರುಳಿಸಿದ.

"ಲೆಕ್ಕ ಸರಿ ಇದ್ರೆ ನೀನ್ಯಾಕೆ ಹಾಕ್ದೆ? ನಾವು ನಾಲ್ಕು ಜನ, ಗಂಟು ನಾಲ್ಕು. ಮೂರು ನಮ್ಮದು."

ಇಷ್ಟು ಸರಳವಾದ ಗಣಿತದ ಮುಂದೆ ಯಾರ ಲೆಕ್ಕ ತಾನೇ ನಿಲ್ಲುತ್ತದೆ? ನಾನು ಹಾಕಿಲ್ಲ ಎಂದಳು. ಮೋಟಾರು, ನಾವೆಲ್ಲ ಒಪ್ಪಿಕೊಂಡೆವಲ್ಲ, ನೀನೂ ಒಪ್ಪಿಕೊಂಡರೆ ಏನು ಗಂಟು ಹೋಗುತ್ತೆ ಎಂದ. ಹಾಕಿಲ್ಲ ಎಂದಳು ಮತ್ತೆ. ಮಧ್ಯಾಹ್ನ ಹೊರಗಿನ ಸಮಿತಿಯವರು ಬರುವವರಿದ್ದರು. ಅವರ ಮುಂದೆ 'ತಂಡದ ಮಾತು' ಎಂಬುದೊಂದು ನಡೆಯಬೇಕಿತ್ತು: ಏನು ತಪ್ಪಾಯಿತು, ಏನು ಕಲಿತೆವು ಎಂಬುದನ್ನು ನಾಲ್ವರೂ ಒಂದೇ ದನಿಯಲ್ಲಿ ಹೇಳಬೇಕು. ಒಬ್ಬರು ದನಿ ಸೇರಿಸದಿದ್ದರೆ ಉಳಿದ ಮೂವರು ಅವರನ್ನು ತಂಡದಿಂದ ಕೈಬಿಡಬಹುದು. ಹಾಗೆ ಹೊರಬಿದ್ದವರು ಮುಂದಿನ ವರ್ಷ ಕಿರಿಯರ ಜೊತೆ ಸೇರಿ ಮತ್ತೊಂದು ವಿಮಾನವನ್ನು ಮೊದಲಿಂದ ಕಟ್ಟಬೇಕು. ಸುಳ್ಳು ಹೇಳುವವಳನ್ನು ಇಟ್ಟುಕೊಂಡು ನಾವು ಪ್ರಾಮಾಣಿಕತೆಯ ಬಗ್ಗೆ ಹೇಗೆ ಮಾತಾಡೋದು ಎಂದು ಕ್ಯಾಪ್ಟನ್ ಕೇಳಿದ. ಆಗ ಅವಳು ಬಾಗಿಲ ಕಡೆ ತಿರುಗಿದಳು. ಸರ್ ಎಂದು ಕೂಡ ಅನ್ನಲಿಲ್ಲ, ಸುಮ್ಮನೆ ನೋಡಿದಳು. ಮೇಷ್ಟ್ರು ತಾನು ಇನ್ನೇನು ಮಾತಾಡಿಬಿಡುತ್ತೇನೆ ಎಂದು ಬಲವಾಗಿ ನಂಬಿದರು. ತಮ್ಮ ಬಾಯಿಂದ "ನಿಮಗೇನನ್ನಿಸುತ್ತೆ?" ಎಂಬುದು ಹೊರಟದ್ದನ್ನು ಕೇಳಿಸಿಕೊಂಡರು. ಆಮೇಲೆ ತಮ್ಮ ಕಾಲುಗಳೇ ತಮ್ಮನ್ನು ಮೊಗಸಾಲೆಯುದ್ದಕ್ಕೂ ಕರೆದುಕೊಂಡು ಹೋಗುತ್ತಿರುವುದನ್ನು ಗಮನಿಸಿದರು.

ಆ ಸಂಜೆ ಅವರು ಕಾರ್ಯಾಗಾರಕ್ಕೆ ಹೋದದ್ದು ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಮನೆಗೆ ಹೊರಟವರು ದೀಪ ಆರಿಸಲೆಂದು ಒಳಗೆ ಬಂದಿದ್ದರು. ಖಾಲಿ ಕೋಣೆಯಲ್ಲಿ ವಿಮಾನ ಒಂದೇ ಇತ್ತು. ಅದನ್ನು ಕಟ್ಟುವುದನ್ನು ಅವರು ತಿಂಗಳುಗಟ್ಟಲೆ ನೋಡಿದ್ದರು, ಮುಟ್ಟಿರಲಿಲ್ಲ. ಪಕ್ಕದ ಮನೆಯ ಮಗುವನ್ನು ನೋಡಿದ ಹಾಗೆ. ಎತ್ತಿಕೊಂಡರು. ರೆಕ್ಕೆಯ ಕೆಳಗೆ ಎರಡು ತೋರುಬೆರಳುಗಳನ್ನಿಟ್ಟು, ಉಸಿರು ಹಿಡಿದು, ಕೈ ಸಡಿಲಿಸಿದರು. ಬಾಲ ಮೆಲ್ಲಗೆ, ನಮಸ್ಕಾರ ಮಾಡುವವರಂತೆ, ಕೆಳಗಿಳಿಯಿತು. ಅಯ್ಯೋ, ಬಿದ್ದುಹೋಗುತ್ತಲ್ಲ ಎಂದುಕೊಂಡರು. ಒಳಗೆ ಎಲ್ಲೋ, ಅದಕ್ಕಿಂತ ಆಳದಲ್ಲಿ, ಸಂತೋಷವೂ ಆಯಿತು. ಕಲಿಸದೆ ಕಲಿಯುತ್ತಾರೆ ಎಂದರಲ್ಲ, ನೋಡಿ. ಕಪ್ಪುಹಲಗೆಯ ಮೇಲೆ ಒಂದು ತಾಸು ಸಾಕಿತ್ತು. ಈ ಸಂತೋಷಕ್ಕೆ ನಾಚಿಕೊಂಡೇ ಇರಬೇಕು, ಅವರಲ್ಲಿ ಕರುಣೆ ಹುಟ್ಟಿತು. ಅದು ಹುಟ್ಟಿದ ಮೇಲೆ ಮನುಷ್ಯ ಸುಮ್ಮನಿರಲಾರ. ತಮ್ಮ ಕೋಣೆಗೆ ಹೋಗಿ, ಪರದೆಯ ಮೂಲೆಯ ಹೊಲಿಗೆ ಬಿಚ್ಚಿದರು. ಗಾಳಿಗೆ ಹಾರದಿರಲಿ ಎಂದು ಅಕ್ಕ ಆ ಪರದೆಯ ಅಂಚಿಗೆ ಸೀಸದ ಚೂರುಗಳನ್ನು ಸೇರಿಸಿ ಹೊಲಿದುಕೊಟ್ಟಿದ್ದಳು. ಕೆಲವನ್ನು ತೆಗೆದು, ಜೇಬಿನಲ್ಲಿದ್ದ ಔಷಧಿಪಟ್ಟಿಯಲ್ಲಿ ಸುತ್ತಿದರು. ಸೀಮೆಸುಣ್ಣದ ಪುಡಿಗೆ ಬೆರಳ ತುದಿ ಒಡೆಯುತ್ತಿದ್ದರಿಂದ ಸೀಮೆಸುಣ್ಣದ ಕಡ್ಡಿಗೆ ಔಷಧಿಪಟ್ಟಿ ಸುತ್ತಿ ಬರೆಯುವುದು ಅವರ ಬಹುಕಾಲದ ಅಭ್ಯಾಸ. ಇಡೀ ಕಾಲೇಜಿಗೆ ಗೊತ್ತಿದ್ದ ಅಭ್ಯಾಸ. ಈಗ ಸೀಮೆಸುಣ್ಣವಿಲ್ಲ, ಪಟ್ಟಿ ಮಾತ್ರ ಜೇಬಿನಲ್ಲಿ ಉಳಿದಿತ್ತು, ಕೆಲಸ ಕಳೆದುಕೊಂಡ ಜವಾನನಂತೆ. ಮೂಗಿನ ಮೂಲೆಯೊಂದರಲ್ಲಿ ಗಂಟನ್ನು ಒತ್ತಿ ಕೂರಿಸುವಾಗ ಕಣ್ಣುಮುಚ್ಚಿ, ಈ ಮಕ್ಕಳದ್ದು ಹಾರಲಪ್ಪ ಎಂದು ಬೇಡಿಕೊಂಡಿದ್ದರು. ಬೇಡಿಕೆಗೆ ಜೊತೆಯಾಗಿ ಸೀಸವನ್ನೂ ಇಟ್ಟದ್ದು ನಂಬಿಕೆಯ ಕೊರತೆಯೋ ಅಥವಾ ಎಂಜಿನಿಯರಿಂಗೋ ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲ. ಈಗ ಮೊಗಸಾಲೆಯಲ್ಲಿ ಹೊಳೆಯಿತು. ಎರಡೂ ಅಲ್ಲ. ಬೇಡಿಕೊಂಡವನು ಬ್ಯಾಟರಿ ಇದೆಯೇ ಎಂದು ನೋಡಿರಲಿಲ್ಲ, ಅಷ್ಟೆ. ತಲೆಮಾರುಗಟ್ಟಲೆ ಹುಡುಗರಿಗೆ ಮೊದಲ ದಿನವೇ ಹೇಳಿಕೊಟ್ಟದ್ದು ಅದೊಂದನ್ನೇ: ತೂಗುವ ಮುಂಚೆ, ಇರಬೇಕಾದದ್ದೆಲ್ಲ ಒಳಗಿದೆಯೇ ನೋಡಿ.

ಮೇಷ್ಟ್ರು ಚಿಕ್ಕವರಿದ್ದಾಗ ಅಪ್ಪ ಸಂಜೆ ಹೊತ್ತು ಹಳೆಯ ಕಾವ್ಯವನ್ನು ರಾಗವಾಗಿ ಓದುತ್ತಿದ್ದರು. ಎದುರು ಕೂತು ಕೇಳುವುದು ಇವರ ಕೆಲಸ. ಅಕ್ಕನಿಗೆ ಪದ್ಯಗಳೇ ಬಾಯಿಗೆ ಬಂದಿದ್ದವು. ಇವರಿಗೆ ಬಂದದ್ದು ಪದ್ಯಗಳ ನಡುವಿನ ನಿಲುಗಡೆಗಳು. ಎಲ್ಲಿ 'ಹೂಂ' ಅನ್ನಬೇಕು, ಎಲ್ಲಿ ಅದೂ ಬೇಡ ಎಂಬುದು. ಹೇಳಿದವನಿಗೆ ಎಷ್ಟು ಫಲವೋ ಕೇಳಿದವನಿಗೂ ಅಷ್ಟೇ ಎಂದು ಅಪ್ಪ ಪುಸ್ತಕ ಮುಚ್ಚುವಾಗ ಹೇಳುತ್ತಿದ್ದರು. ಆ ಮಾತನ್ನು ಹಿಡಿದುಕೊಂಡೇ ಇವರು ಐವತ್ತು ದಾಟಿದ್ದರು. ಸಭೆಗಳಲ್ಲಿ ಮಾತಾಡಲಿಲ್ಲ, ಬಡ್ತಿಗೆ ಬಾಯಿಬಿಡಲಿಲ್ಲ, ಹೆಣ್ಣು ನೋಡಲು ಹೋದ ಮನೆಯಲ್ಲಿ ಕೂಡ ಎಷ್ಟು ಹೊತ್ತು ಕೇಳಿಸಿಕೊಂಡು ಕೂತಿದ್ದರೆಂದರೆ ಆ ಮನೆಯವರು ಇವರಿಗೆ ಒಪ್ಪಿಗೆಯಿಲ್ಲವೆಂದು ತಿಳಿದು ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಈಗ ಈ ಕೋರ್ಸು ಬಂದು, ಸುಮ್ಮನಿರುವುದೇ ಬೋಧನೆಯ ಅತ್ಯುನ್ನತ ರೂಪವೆಂದು ಸಾರಿತು. ಒಂದು ಕಾಲಕ್ಕೆ ಇವರದೇ ವಿದ್ಯಾರ್ಥಿಯಾಗಿದ್ದ ವಿಭಾಗದ ಮುಖ್ಯಸ್ಥ, ಉಳಿದ ಅಧ್ಯಾಪಕರೆಲ್ಲ ಉತ್ತರ ಹೇಳದೆ ಇರಲಾರದೆ ಒದ್ದಾಡುವಾಗ, ಇವರನ್ನು ತೋರಿಸಿ, ನೋಡಿ, ಸರ್ ನೋಡಿ ಕಲೀರಿ ಎಂದ. ಜೀವನದಲ್ಲಿ ಮೊದಲ ಸಲ ಅವರನ್ನು ಯಾರೋ ಮಾದರಿಯಾಗಿ ತೋರಿಸಿದ್ದರು. ಇಂದು ಸಮಿತಿಯ ಮುಂದೆ ಮೌನದ ಕಲೆಯ ಬಗ್ಗೆ ಅವರೇ ನಾಲ್ಕು ಮಾತಾಡಬೇಕೆಂದು ನಿಶ್ಚಯವಾಗಿತ್ತು. ಮಾತು ಬರೆದು ಸಿದ್ಧಮಾಡಿಕೊಂಡಿದ್ದರು. ಚೆನ್ನಾಗಿ ಬಂದಿತ್ತು.

ಮುಖ್ಯಸ್ಥ ಅವರನ್ನು ಬಾಗಿಲಲ್ಲೇ ಹಿಡಿದು, ಕುರ್ಚಿ ಎಳೆದು ಕೂರಿಸಿದ. ಕ್ಯಾಪ್ಟನ್ ಆಗಲೇ ಫೋನಿನಲ್ಲಿ ಎಲ್ಲ ಒಪ್ಪಿಸಿದ್ದ. ಮುಖ್ಯಸ್ಥನ ಮುಖ, ಪರೀಕ್ಷೆಗೆ ಓದಿದ್ದೇ ಬಂದ ಹುಡುಗನದಂತೆ ಅರಳಿತ್ತು. "ಬಿದ್ದಿದ್ದೇ ಒಳ್ಳೇದಾಯ್ತು ಸರ್. ಹಾರಿಬಿಟ್ಟಿದ್ರೆ ಯಾರು ಏನು ಕಲೀತಿದ್ರು?" ಎಂದ. ನಾಲ್ಕು ಜನ, ಒಬ್ಬರಿಗೊಬ್ಬರು ಹೇಳದೆ, ಒಬ್ಬರನ್ನೊಬ್ಬರು ನಂಬದೆ, ಅದೇ ತಪ್ಪನ್ನು ಮಾಡಿ, ಆಮೇಲೆ ಎಲ್ಲರೂ ಒಪ್ಪಿಕೊಂಡರು ಎಂದರೆ ಅದಕ್ಕಿಂತ ದೊಡ್ಡ ಪಾಠ ಉಂಟೇ, ಇದನ್ನು ಯಾರಾದರೂ ಕೂತು ಕಲ್ಪಿಸಿದರೂ ಬರುವಂಥದ್ದಲ್ಲ ಎಂದ. ಆ ಹುಡುಗಿ ಒಬ್ಬಳು ಒಪ್ಪುತ್ತಿಲ್ಲವಂತೆ. ಮೂರು ಕಾಲಿನ ಮೇಜು ಇಟ್ಟುಕೊಂಡು ಸಮಿತಿಯವರಿಗೆ ಏನು ತೋರಿಸುವುದು? ನೀವೇ ಒಂದು ಮಾತು ಹೇಳಿ ಸರ್, ನೀವು ಬಾಯಿಬಿಡುವುದೇ ಅಪರೂಪ, ಅದಕ್ಕೊಂದು ತೂಕ ಇರುತ್ತೆ. ಮೇಷ್ಟ್ರು ಆಗ ನಿಜಕ್ಕೂ ಬಾಯಿಬಿಟ್ಟರು. ಆ ನಾಲ್ಕನೆಯದು ಎಂದರು. ಅದೇ ಸರ್, ಆ ನಾಲ್ಕನೆಯದೇ, ಎಂದು ಮುಖ್ಯಸ್ಥ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವರು 'ಹೂಂ' ಎಂದರು. ಎಲ್ಲಿ ಅನ್ನಬೇಕೋ ಅಲ್ಲಿ.

ನಿನ್ನೆ ಮೈದಾನದಲ್ಲೂ ಹೀಗೇ ಆಗಿತ್ತು. ಹುಲ್ಲಿನ ಮೇಲೆ ಬಿಸಿಲು, ಕೊಡೆಯ ಕೆಳಗೆ ಅತಿಥಿಗಳು, ಗಾಳಿ ಸ್ವಲ್ಪ ಸ್ವಲ್ಪವೇ ಏಳುತ್ತಿತ್ತು. ಬ್ಯಾಟರಿಯನ್ನು ಗೂಡಿನಲ್ಲಿ ಕೂರಿಸಿ ಮುಚ್ಚಿದ ಮೇಲೆ ತಕ್ಕಡಿ, ಇನ್ನೊಂದು ಸಲ ಬೆರಳ ಮೇಲೆ ನಿಲ್ಲಿಸಿ ನೋಡುತ್ತೇನೆ ಎಂದಿದ್ದಳು. ನಿನ್ನ ಲೆಕ್ಕದ ಮೇಲೆ ನಿನಗೇ ನಂಬಿಕೆ ಇಲ್ವೇನೇ ಎಂದು ಕ್ಯಾಪ್ಟನ್ ಅತಿಥಿಗಳಿಗೂ ಕೇಳುವಂತೆ ಹೇಳಿದ. ಎಲ್ಲರೂ ನಕ್ಕರು. ಅವಳ ಕಿವಿ ಕೆಂಪಾಯಿತು. ಆಗ ಅವಳು ಇವರ ಬಳಿ ಬಂದು, ಸರ್, ಇನ್ನೊಂದ್ಸಲ ತೂಗ್ಲಾ, ಎಂದು ಕೇಳಿದ್ದಳು. ಹೂಂ ಎನ್ನಬಹುದಿತ್ತು. ಎಲ್ಲ ನಿಲುಗಡೆಗಳಿಗೂ ಹೂಂ ಎಂದವರಿಗೆ ಅದೊಂದು ಕಷ್ಟವಲ್ಲ. ಆದರೆ ಎತ್ತಿದರೆ ಮೂಗು ಇಳಿಯಬಹುದು, ಇಳಿದರೆ ಬಿಚ್ಚಿ ನೋಡುತ್ತಾರೆ, ನೋಡಿದರೆ ಬಿಳಿ ಪಟ್ಟಿ ಕಾಣುತ್ತದೆ. ಇಷ್ಟೂ ಒಂದು ಕಣ್ಣೆವೆ ಬಡಿಯುವಷ್ಟರಲ್ಲಿ ಅವರೊಳಗೆ ಓಡಿತ್ತು. ಇಷ್ಟೂ ಓಡಿತೆಂಬುದನ್ನು ಅವರು ನಿನ್ನೆಯಿಂದ ಯಾರಿಗೂ, ತಮಗೂ, ಹೇಳಿರಲಿಲ್ಲ. ನಿಮಗೇನನ್ನಿಸುತ್ತೆ ಎಂದಿದ್ದರು. ಅವಳು ಹಿಂದಕ್ಕೆ ಹೋಗಿ ನಿಂತಳು. ಕ್ಯಾಪ್ಟನ್ ಓಡಿಬಂದು ವಿಮಾನವನ್ನು ಗಾಳಿಗೆ ಎಸೆದ. ಮೋಟಾರಿನ ದನಿ ಒಂದು ಕ್ಷಣ ರಾಗ ಹಿಡಿದು ಏರಿತು. ಅದು ಇಳಿಯತೊಡಗಿದ್ದನ್ನು ಕಣ್ಣಿಗಿಂತ ಮುಂಚೆ ಅವರ ಕಿವಿ ಹಿಡಿದಿತ್ತು. ಪದ್ಯದ ಸಾಲಿನ ಕೊನೆಯಲ್ಲಿ ಮಾತ್ರೆ ಕಡಿಮೆ ಬಿದ್ದ ಹಾಗೆ. ಅಪ್ಪ ಓದುವಾಗ ಹಾಗಾದರೆ ಮತ್ತೆ ಹಿಂದಕ್ಕೆ ಹೋಗಿ ಸಾಲನ್ನು ಎತ್ತಿಕೊಳ್ಳುತ್ತಿದ್ದರು. ಮೈದಾನದಲ್ಲಿ ಹಿಂದಕ್ಕೆ ಹೋಗಲು ಸ್ಥಳವಿರಲಿಲ್ಲ.

ಮುಖ್ಯಸ್ಥನ ಬಳಿಯಿಂದ ಮೇಷ್ಟ್ರು ತಮ್ಮ ಕೋಣೆಗೆ ಬಂದಾಗ ಪರದೆ ಹಾರಾಡುತ್ತಿತ್ತು. ಎಲ್ಲ ಕಡೆಯೂ ಅಲ್ಲ. ಎಡಗಡೆ ಗಂಭೀರವಾಗಿ ಇಳಿಬಿದ್ದಿತ್ತು, ಬಲಮೂಲೆ ಮಾತ್ರ ಆಗಾಗ ಎದ್ದು, ಮೇಜಿನ ಮೇಲಿನ ಪೆನ್ನಿನ ಲೋಟವನ್ನು ತಟ್ಟಿ ಹಿಂದಕ್ಕೆ ಹೋಗುತ್ತಿತ್ತು, ಗಮನ ಸೆಳೆಯಲು ತೋಳು ಮುಟ್ಟುವ ಮಗುವಿನ ಹಾಗೆ. ಕಿಟಕಿ ಮುಚ್ಚಿದರೆ ಸೆಕೆ. ತೆರೆದರೆ ಇದು. ಫೋನು ಬಡಿದುಕೊಂಡಿತು. ಅಕ್ಕ. ಸಮಿತಿಯವರು ಬರುವ ದಿನವೆಂದು ಅವಳಿಗೆ ಗೊತ್ತಿತ್ತು. ಬಟ್ಟೆ ಇಸ್ತ್ರಿಯದ್ದು ತಾನೇ, ಮಾತು ಗಟ್ಟಿಯಾಗಿ ಆಡು, ಒಳಗೊಳಗೇ ಗುನುಗಬೇಡ ಎಂದಳು. ಆಮೇಲೆ, ಇಡಬೇಕೆನ್ನುವಾಗ, "ಪುಟ್ಟಾ, ಪರದೆ ಸರಿಯಾಗಿ ನಿಂತ್ಕೊಂಡಿದ್ಯೇನೋ? ನೀನು ಒಂದಿನಾನೂ ಹೇಳ್ಲಿಲ್ಲ" ಎಂದು ಕೇಳಿದಳು. ಪರದೆ ಲೋಟವನ್ನು ತಟ್ಟಿತು. ನಿಂತಿದೆ ಅಕ್ಕ, ಎಂದರು. ಅಲುಗಾಡಲ್ಲ ತಾನೇ? ಇಲ್ಲ ಅಕ್ಕ. ಅವಳು ತೃಪ್ತಿಯಿಂದ, ನನ್ನ ಹೊಲಿಗೆ ಅಂದ್ರೆ ಏನಂದ್ಕೊಂಡೆ ಎಂದು ನಕ್ಕು ಫೋನಿಟ್ಟಳು. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಸರಾಗವಾಗಿ ಸುಳ್ಳು ಬಂದದ್ದು ಮೇಷ್ಟ್ರಿಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾಗಲಿಲ್ಲವಲ್ಲ ಎಂಬುದು ಸ್ವಲ್ಪ ನೋಯಿಸಿತು. ಬಲಮೂಲೆಯನ್ನು ಹಿಡಿದು, ಕಿಟಕಿಯ ಸರಳಿಗೆ ಗಂಟು ಹಾಕಲು ನೋಡಿದರು. ಬಟ್ಟೆ ಸಾಲದೆ ಬಂತು.

ತಕ್ಕಡಿ ಬಂದದ್ದು ಆಗ. ಅವರು ಕರೆಸಿದ್ದರು, ಆದರೂ ಅವಳು ಬಾಗಿಲು ತಟ್ಟಿದಾಗ ಸಿಕ್ಕಿಬಿದ್ದವರಂತೆ ಪರದೆಯಿಂದ ಕೈ ತೆಗೆದರು. ಕೂತುಕೋ ಎಂದರೆ ಕುರ್ಚಿಯ ಅಂಚಿನಲ್ಲಿ ಕೂತಳು. ಬಲಗೈ ಮುಷ್ಟಿ ಬಿಗಿದಿತ್ತು. ಅದರಲ್ಲೇನಿದೆ ಎಂದು ಅವರು ಕೇಳಲಿಲ್ಲ. ಬೆರಳ ಸಂದಿಯಲ್ಲಿ ಬಿಳಿ ಕಾಣುತ್ತಿತ್ತು. ಮಾತು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಅವರು ಸಮಿತಿಯಿಂದ ಶುರುಮಾಡಿದರು. ತಂಡ ಅಂದರೆ ಏನು ಎಂದರು. ಒಬ್ಬರ ಸರಿ ಇನ್ನೊಬ್ಬರ ಸರಿಯ ಜೊತೆ ಕೂಡಿದಾಗ ಕೆಲವು ಸಲ ತಪ್ಪಾಗುತ್ತದೆ, ಅದನ್ನು ಕಲಿಯುವುದಕ್ಕೇ ಇದೆಲ್ಲ, ಎಂದರು. ತಮ್ಮ ದನಿ ಗಟ್ಟಿಯಾಗಿದೆ, ಅಕ್ಕನಿಗೆ ಸಮಾಧಾನವಾಗುತ್ತಿತ್ತು ಎಂದು ಅದರ ನಡುವೆಯೇ ಅನ್ನಿಸಿತು. ಅವಳು ಕೇಳಿಸಿಕೊಳ್ಳುತ್ತಿದ್ದಳು. ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ ಎಂದು ಅವರಿಗೆ ಭಯವಾಯಿತು. ನಿಲುಗಡೆಗಳಲ್ಲಿ ಅವಳು 'ಹೂಂ' ಅನ್ನಲಿಲ್ಲ.

"ನಾನು ಹಾಕಿಲ್ಲ ಸರ್" ಎಂದಳು.

"ಗೊತ್ತು" ಎಂದರು ಮೇಷ್ಟ್ರು.

ಇಡೀ ವರ್ಷದಲ್ಲಿ ಅವರು ಕೊಟ್ಟ ಮೊದಲ ಉತ್ತರ ಅದು. ಬಾಯಿಂದ ಹೊರಟ ಮೇಲೆ ಅದು ಎಷ್ಟು ಸಣ್ಣದು ಎಂದು ಅವರಿಗೇ ಬೆರಗಾಯಿತು. ಅವಳ ಕಣ್ಣು ಒಮ್ಮೆ ಅವರ ಜೇಬಿನ ಕಡೆ, ಅಲ್ಲಿ ಉಬ್ಬಿದ್ದ ಔಷಧಿಪಟ್ಟಿಯ ಸುರುಳಿಯ ಕಡೆ ಹೋಯಿತು; ಆಮೇಲೆ ಪರದೆಯ ಬಲಮೂಲೆಗೆ. ಹೊಲಿಗೆ ಬಿಚ್ಚಿದ ದಾರ ಅಲ್ಲಿ ಇನ್ನೂ ನೇತಾಡುತ್ತಿತ್ತು. ಅವಳಿಗೆ ಇದೆಲ್ಲ ಮೊದಲೇ ಗೊತ್ತಿತ್ತೆಂದು, ಬೆಳಗ್ಗೆ ಮೂಗಿನ ಪೊಳ್ಳನ್ನು ಕೇಳುವಾಗಲೇ ಗೊತ್ತಿತ್ತೆಂದು, ಬಾಗಿಲ ಕಡೆ ತಿರುಗಿ ನೋಡಿದ್ದು ಸಹಾಯ ಬೇಡಲಿಕ್ಕಲ್ಲ, ಅವಕಾಶ ಕೊಡಲಿಕ್ಕೆಂದು ಅವರಿಗೆ ಈಗ ತಿಳಿಯಿತು. ಅದು ನಂದು ಕಣಮ್ಮ, ಎಂದರು. ಬ್ಯಾಟರಿ ನಾನೂ ನೋಡಲಿಲ್ಲ. ಹೇಳಿದ ಕೂಡಲೇ ಮೈ ಹಗುರಾಯಿತು. ಹಣೆಯ ಬೆವರಿಗೆ ಗಾಳಿ ತಂಪಾಗಿ ತಾಗಿತು. ತಾನು ಒಳ್ಳೆಯವನು, ಕಷ್ಟದ ಮಾತನ್ನು ಆಡಿಬಿಟ್ಟೆ, ಅಪ್ಪ ಇದ್ದಿದ್ದರೆ ಪುಸ್ತಕದಿಂದ ತಲೆಯೆತ್ತಿ ನೋಡುತ್ತಿದ್ದರು ಎಂದು ಅನ್ನಿಸಿ ಕಣ್ಣು ಸ್ವಲ್ಪ ಒದ್ದೆಯೂ ಆಯಿತು. ಎದುರಿನ ಹುಡುಗಿ ಇನ್ನೂ ಕುರ್ಚಿಯ ಅಂಚಿನಲ್ಲೇ ಕೂತಿರುವುದು, ಅವಳ ಪಾಲಿಗೆ ಇನ್ನೂ ಏನೂ ಬದಲಾಗಿಲ್ಲದಿರುವುದು ಆಮೇಲೆ ಕಾಣಿಸಿತು.

ಆ ಹಗುರದಲ್ಲೇ ಅವರು ಉಳಿದದ್ದನ್ನೂ ಹೇಳಿದರು. ಇದನ್ನು ಸಮಿತಿಯ ಮುಂದೆ ಹೇಳಿದರೆ, ಮೇಷ್ಟ್ರ ಕೈ ಒಳಗೆ ಹೋಗಿದೆ ಎಂದಾಗುತ್ತದೆ. ಆಗ ಇದೊಂದೇ ತಂಡವಲ್ಲ, ಎಲ್ಲ ತಂಡಗಳ ಕೆಲಸದ ಮೇಲೂ ಅನುಮಾನ ಬೀಳುತ್ತದೆ. ರೆಕ್ಕೆ, ಮೋಟಾರು, ಕ್ಯಾಪ್ಟನ್, ಅವರದೇನು ತಪ್ಪು? ಕೋರ್ಸೇ ನಿಂತರೂ ನಿಂತೀತು. ತಮ್ಮ ಬಗ್ಗೆ ಏನೂ ಹೇಳಲಿಲ್ಲ. ಹೇಳದೇ ಇರುವುದು ಸೌಜನ್ಯವೆಂದು ತೋರಿತು. ನಿನಗೇನೂ ನಷ್ಟವಿಲ್ಲ ನೋಡಮ್ಮ, ಎಲ್ಲರೂ ಹಾಕಿದ್ದಾರೆ, ನೀನೂ ಹಾಕಿದೆ ಅಂತ ಆಗುತ್ತೆ, ಎಲ್ಲರ ಜೊತೆ ಒಂದೇ ಸಾಲಿನಲ್ಲಿ ನಿಲ್ಲುತ್ತೀಯ, ನಿನ್ನನ್ನು ಯಾರೂ ಕೈಬಿಡಲ್ಲ. ನಿನ್ನ ಲೆಕ್ಕ ಸರಿಯಿತ್ತು ಅಂತ ನನಗೆ ಗೊತ್ತಲ್ಲ.

"ಅಲ್ಲಿ ಮಾತ್ರ, ನಾಲ್ಕನೇದು ನಿಂದು ಅಂತ ಒಂದು ಮಾತು ಹೇಳಿಬಿಡಮ್ಮ. ನಾನು ಕೇಳ್ಕೊಳ್ತಿದೀನಿ. ಹೇಳ್ತೀಯಾ?"

ಪರದೆ ಎದ್ದು ಲೋಟವನ್ನು ತಟ್ಟಿತು, ಹಿಂದಕ್ಕೆ ಹೋಯಿತು.

"ನಿಮಗೇನನ್ನಿಸುತ್ತೆ ಸರ್?" ಎಂದಳು.

ಅದರಲ್ಲಿ ಕೊಂಕೇನಾದರೂ ಇದೆಯೇ ಎಂದು ಅವರು ಹುಡುಕಿದರು. ಇರಲಿಲ್ಲ. ವರ್ಷವಿಡೀ ಅವರು ಕಲಿಸಿದ್ದು ಅದೊಂದೇ ವಾಕ್ಯ. ಅವಳು ಅದನ್ನು ಕಲಿತಿದ್ದಳು, ಬಳಸುತ್ತಿದ್ದಳು, ಅಷ್ಟೆ. ಉತ್ತರಕ್ಕೆ ಕಾಯುತ್ತಿದ್ದಳು ಕೂಡ. ಈ ಪ್ರಶ್ನೆಯನ್ನು ಕೇಳಿಸಿಕೊಂಡವನ ಕಡೆಯಿಂದ ನೋಡಿದರೆ ಅದು ಹೇಗಿರುತ್ತದೆ ಎಂದು ಅವರು ಎಂದೂ ಯೋಚಿಸಿರಲಿಲ್ಲ. ಎಲ್ಲಿ ನಿಂತರೂ ಹಿಂದೆ ಒಂದು ಗೋಡೆ. ಮೊಗಸಾಲೆಯಲ್ಲಿ ಯಾರೋ ಕುರ್ಚಿಗಳನ್ನು ಎಳೆದು ಸಾಲು ಮಾಡುತ್ತಿದ್ದರು. ಮುಖ್ಯಸ್ಥನ ಬೂಟಿನ ಸದ್ದು, ಅದರ ಹಿಂದೆ ಪರಿಚಯವಿಲ್ಲದ ಬೂಟುಗಳ ಸದ್ದು, ನಮ್ಮ ಸರ್ ಎಂದು ಯಾರನ್ನೋ ಕುರಿತು ಹೆಮ್ಮೆಯಿಂದ ಹೇಳುತ್ತಿರುವ ದನಿ. ಸಮಯ ಆಯ್ತಮ್ಮ, ಎಂದರು ಮೇಷ್ಟ್ರು. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ತಕ್ಕಡಿ ಎದ್ದಳು. ಕಿಟಕಿಯ ಬಳಿ ಹೋಗಿ, ಹಾರುತ್ತಿದ್ದ ಪರದೆಯ ಮೂಲೆಯನ್ನು ಹಿಡಿದು, ಮೇಜಿನ ಮೇಲೆ ಮಟ್ಟಸವಾಗಿ ಹಾಸಿ, ಮುಷ್ಟಿ ಬಿಚ್ಚಿ, ಬಿಳಿ ಗಂಟನ್ನು ಅದರ ಮೇಲೆ ಇಟ್ಟಳು. ಪರದೆ ನಿಂತಿತು. ಅದನ್ನು ಒಂದು ಕ್ಷಣ, ಏನನ್ನಾದರೂ ತೂಗುವಾಗ ಮುಳ್ಳು ನಿಲ್ಲುವವರೆಗೆ ಕಾಯುವ ಹಾಗೆ, ನೋಡಿದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

"ಇಲ್ಲ ಸರ್. ನಾನು ಹಾಕಿಲ್ಲ, ಹಾಕ್ದೆ ಅಂತ ಹೇಳೋದೂ ಇಲ್ಲ."